ಮೊದಲು ಸೆಲ್ಲು, ಆಮೇಲೆ ಟಾರ್ಚು: ಅಗ್ಗದ ಎಲ್‌ಇಡಿ ಟಾರ್ಚ್‌ಗಳನ್ನು ಬಿಚ್ಚಿ ನೋಡಿದರೆ

ಹಳ್ಳಿಯ ಕಡೆ ಟಾರ್ಚಿಗೆ ಈಗಲೂ ‘ಬ್ಯಾಟರಿ’ ಎಂದೇ ಹೆಸರು. ಒಳಗೆ ಹಾಕುವುದು ‘ಸೆಲ್ಲು’. ಅಂಗಡಿಗೆ ಹೋದವರು ಮೊದಲು ಬ್ಯಾಟರಿ ಆರಿಸಿ, ದುಡ್ಡು ಕೊಟ್ಟ ಮೇಲೆ ‘ಇದಕ್ಕೆ ಯಾವ ಸೆಲ್ಲು’ ಎಂದು ಕೇಳುತ್ತಾರೆ. ಆಗಬೇಕಾದ್ದು ಇದರ ತಿರುಗುಮುರುಗು. ಮನೆಗೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ ವರ್ಷಪೂರ್ತಿ ಯಾವ ಸೆಲ್ಲು ಸಿಗುತ್ತದೆ ಎಂದು ನೋಡಿಕೊಂಡು ಅದಕ್ಕೆ ತಕ್ಕ ಟಾರ್ಚ್ ಕೊಳ್ಳಬೇಕು. 150ರಿಂದ 1,500 ರೂಪಾಯಿಯೊಳಗಿನ ಎಲ್‌ಇಡಿ ಟಾರ್ಚ್‌ಗಳಲ್ಲಿ ಎಲ್‌ಇಡಿಯೇ ಸುಟ್ಟುಹೋಗುವುದು ಅಪರೂಪ. ಕೈಕೊಡುವುದು ಸೆಲ್ಲು, ಸ್ಪ್ರಿಂಗು ಅಥವಾ ಸ್ವಿಚ್ಚು.

ಚಾರ್ಜ್ ಮಾಡುವ ಟಾರ್ಚ್ ಅಷ್ಟೇ ಬೆಲೆಗೆ ಸಿಗುವಾಗ ಸೆಲ್ಲಿನದು ಯಾಕೆ ಎಂದರೆ, ಮಳೆಗಾಲಕ್ಕಾಗಿ. ಲೈನಿನ ಮೇಲೆ ಮರ ಬಿದ್ದು ಮಲೆನಾಡಿನಲ್ಲಿ ಮೂರು ದಿನ ಕರೆಂಟು ಹೋದರೆ ಚಾರ್ಜರ್ ಇದ್ದೂ ಇಲ್ಲದಂತೆ. ಇನ್ನೊಂದು ಕಾರಣವೂ ಇದೆ. ಅಗ್ಗದ ರೀಚಾರ್ಜಬಲ್ ಟಾರ್ಚ್‌ಗಳಲ್ಲಿ ಎಷ್ಟೋ ಮಾದರಿಗಳ ಹೊಟ್ಟೆಯೊಳಗಿರುವುದು 4 ವೋಲ್ಟಿನ ಸಣ್ಣ ಲೆಡ್-ಆ್ಯಸಿಡ್ ಬ್ಯಾಟರಿ. ಅದನ್ನು ಖಾಲಿ ಮಾಡಿ ಎರಡು-ಮೂರು ತಿಂಗಳು ಕಪಾಟಿನಲ್ಲಿಟ್ಟರೆ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ರಾತ್ರಿಯಿಡೀ ಪ್ಲಗ್ಗಿಗೆ ಹಾಕಿದರೂ ಐದು ನಿಮಿಷಕ್ಕೆ ಮುಗಿಯುತ್ತದೆ. ದಿನವೂ ಬಳಸುವವರಿಗೆ ಅದು ಸರಿ, ಆಪತ್ತಿಗೆಂದು ಎತ್ತಿಡುವವರಿಗಲ್ಲ.

ಸೆಲ್ಲುಗಳ ಗಾತ್ರ ಎಲ್ಲರಿಗೂ ಗೊತ್ತು: ದಪ್ಪನೆಯ ಡಿ, ಪೆನ್ಸಿಲ್ ಸೆಲ್ಲು ಎನ್ನುವ ಎಎ, ರಿಮೋಟಿಗೆ ಹಾಕುವ ಸಪೂರ ಎಎಎ. ಗೊತ್ತಿರಬೇಕಾದ್ದು ಜಾತಿ. ಪೆನ್ಸಿಲ್ ಸೆಲ್ಲಿನ ಮೈಮೇಲೆ ಬರೀ ‘ಆರ್6’ ಎಂದಿದ್ದರೆ ಅದು ಸತುವಿನ ಡಬ್ಬಿಯ ಮಾಮೂಲಿ ಸೆಲ್ಲು. ‘ಎಲ್‌ಆರ್6’ ಎಂದಿದ್ದರೆ ಅಲ್ಕಲೈನ್. ‘ಎಚ್‌ಆರ್6’ ಎಂದರೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ಲು, ಇದು 1.5 ಅಲ್ಲ, 1.2 ವೋಲ್ಟು. ಎಎಎ ಆದರೆ 6ರ ಜಾಗದಲ್ಲಿ 03, ಡಿ ಆದರೆ 20.

ಮಾಮೂಲಿ ಸೆಲ್ಲು ಗಡಿಯಾರ, ರಿಮೋಟಿಗೆ ಹೇಳಿಮಾಡಿಸಿದ್ದು. ಅದರಿಂದ ಸ್ವಲ್ಪ ಸ್ವಲ್ಪವೇ ಕರೆಂಟ್ ಎಳೆದರೆ ಬಹಳ ಕಾಲ ಬರುತ್ತದೆ. ಒಮ್ಮೆಗೇ ಒಂದು ಆಂಪಿಯರ್ ಎಳೆಯಲು ಹೋದರೆ ಒಳಗಿನ ರೋಧಕ್ಕೆ ವೋಲ್ಟೇಜು ಕುಸಿದು ಮಂಕಾಗುತ್ತದೆ. ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಮುಗಿದ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ಹಳೆಯ ರೂಢಿ ನಿಂತಿರುವುದು ಇದರ ಮೇಲೆಯೇ: ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಆದರೆ ಆ ಹೊತ್ತಿಗೆ ಸತುವಿನ ಡಬ್ಬಿ ಒಳಗಿನಿಂದ ಸವೆದು ತೆಳ್ಳಗಾಗಿರುತ್ತದೆ, ಏಕೆಂದರೆ ಈ ಸೆಲ್ಲಿನಲ್ಲಿ ಡಬ್ಬಿಯೇ ಋಣಧ್ರುವ, ಅದೇ ಕರಗಿ ವಿದ್ಯುತ್ತಾಗುವುದು. ಬಿಸಿಲಿಗಿಟ್ಟು ಗಳಿಸಿದ ಹತ್ತು ನಿಮಿಷದ ಬೆಳಕಿಗೆ ಟಾರ್ಚಿನೊಳಗೆ ಸೆಲ್ಲು ಒಸರಿ ಅಂಟಿಕೊಳ್ಳುವ ಬೆಲೆ ತೆರಬೇಕಾದೀತು.

ಅಲ್ಕಲೈನ್ ಸೆಲ್ಲಿಗೆ ಮಾಮೂಲಿಯದರ ಎರಡು-ಮೂರು ಪಟ್ಟು ಬೆಲೆ, ಆದರೆ ಟಾರ್ಚಿನಂಥ ಹಸಿದ ಉಪಕರಣದಲ್ಲಿ ಅದಕ್ಕಿಂತ ಹೆಚ್ಚು ಪಟ್ಟು ಬಾಳಿಕೆ. ವಾರಕ್ಕೆ ಮೂರು-ನಾಲ್ಕು ರಾತ್ರಿ ಟಾರ್ಚ್ ಹಿಡಿಯುವವರಿಗೆ, ಉದಾಹರಣೆಗೆ ಮೂರು ಫೇಸ್ ಬಂದಾಗ ಪಂಪ್‌ಸೆಟ್ ಹಾಕಲು ಹೊತ್ತಲ್ಲದ ಹೊತ್ತಿನಲ್ಲಿ ಹೋಗುವ ರೈತರಿಗೆ, ನಾಲ್ಕು ನಿಕಲ್ ಸೆಲ್ಲು ಮತ್ತು ಒಂದು ಚಾರ್ಜರ್ ಎಲ್ಲಕ್ಕಿಂತ ಅಗ್ಗ: ಎರಡು ಟಾರ್ಚಿನಲ್ಲಿ, ಎರಡು ಜೇಬಿನಲ್ಲಿ. ಎನೆಲೂಪ್ ಬ್ರ್ಯಾಂಡಿನಂಥ ‘ಚಾರ್ಜ್ ಉಳಿಸಿಕೊಳ್ಳುವ’ ಬಗೆಯನ್ನೇ ಕೊಳ್ಳಿ. ಹಳೆಯ ಬಗೆಯ ನಿಕಲ್ ಸೆಲ್ಲು ಸುಮ್ಮನಿದ್ದರೂ ಕೆಲವೇ ತಿಂಗಳಲ್ಲಿ ಸೋರಿ ಬರಿದಾಗುತ್ತದೆ. ಈಚೆಗೆ ಯುಎಸ್‌ಬಿ ಕಿಂಡಿಯ 1.5 ವೋಲ್ಟ್ ಲಿಥಿಯಂ ಪೆನ್ಸಿಲ್ ಸೆಲ್ಲುಗಳೂ ಬಂದಿವೆ. ಅವು ಕೊನೆಯವರೆಗೂ ಒಂದೇ ವೋಲ್ಟೇಜು ಕೊಟ್ಟು, ಮುಗಿದ ಕ್ಷಣಕ್ಕೆ ಪೂರ್ತಿ ಕತ್ತಲು ಮಾಡುತ್ತವೆ. ತೋಟದ ನಡುವೆ ಅದು ಬೇಡ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. ಮೂರು ಎಎಎ ಸೆಲ್ಲಿನ ಟಾರ್ಚಿನ ಮೇಲೆ ‘1000 ಲ್ಯೂಮೆನ್, 10 ಗಂಟೆ’ ಎಂದು ಬರೆದಿರುವುದನ್ನು ಕಾಣುತ್ತೇವೆ. ಲ್ಯೂಮೆನ್ ಎಂದರೆ ಟಾರ್ಚ್ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಕಾಗದ-ಪೆನ್ನು ಹಿಡಿಯೋಣ. ಒಂದು ಅಲ್ಕಲೈನ್ ಎಎಎ ಸೆಲ್ಲಿನಲ್ಲಿ ಹಿಡಿದಿರುವುದು ಸುಮಾರು 1.2 ವ್ಯಾಟ್-ಅವರ್ (ಅಂದರೆ 1.2 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ), ಮೂರಕ್ಕೆ 3.6. ಅಗ್ಗದ ಟಾರ್ಚ್ ಒಂದು ವ್ಯಾಟಿಗೆ 80ರಿಂದ 100 ಲ್ಯೂಮೆನ್ ಕೊಟ್ಟರೆ ಪುಣ್ಯ. ಅಂದರೆ 1000 ಲ್ಯೂಮೆನ್ನಿಗೆ 10 ವ್ಯಾಟಿಗೂ ಹೆಚ್ಚು ಬೇಕು. ಸೆಲ್ಲುಗಳು ಅಷ್ಟನ್ನು ಕೊಡಬಲ್ಲವು ಎಂದು ಒಪ್ಪಿಕೊಂಡರೂ ಇಪ್ಪತ್ತು ನಿಮಿಷಕ್ಕೆ ಖಾಲಿ. ವಾಸ್ತವದಲ್ಲಿ ಸಪೂರ ಸೆಲ್ಲುಗಳಿಂದ ಮೂರು ಆಂಪಿಯರ್ ಎಳೆಯಲಾಗದು, ಆದ್ದರಿಂದ ಆ ಟಾರ್ಚ್ ಕೊಡುವುದು ನೂರೋ ನೂರೈವತ್ತೋ. ಇದೇ ಲೆಕ್ಕದಲ್ಲಿ ಎರಡು ಅಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಸುಮಾರು 5 ವ್ಯಾಟ್-ಅವರ್ ಇರುತ್ತದೆ. ಅದರಿಂದ 100 ಲ್ಯೂಮೆನ್ ನಾಲ್ಕು ಗಂಟೆ, ಅಥವಾ 50 ಲ್ಯೂಮೆನ್ ಎಂಟು ಗಂಟೆ. ಇದಕ್ಕಿಂತ ತುಂಬ ಹೆಚ್ಚು ಹೇಳುವ ಡಬ್ಬಿಯನ್ನು ಅಲ್ಲಿಯೇ ಇಟ್ಟು ಮುಂದೆ ಹೋಗಿ.

50 ಲ್ಯೂಮೆನ್ ಕಡಿಮೆಯಾಯಿತು ಎನ್ನಬೇಡಿ. ಎರಡು ದಪ್ಪ ಸೆಲ್ಲು, ತಂತಿ ಬಲ್ಬಿನ ಹಳೆಯ ಟಾರ್ಚ್‌ಗಳು, ಎವರೆಡಿ ಜೀವನ್ ಸಾಥಿಯಂಥ ಹಿತ್ತಾಳೆ ಮೈಯವು ಸಹ, ಕೊಡುತ್ತಿದ್ದುದು ಹತ್ತು-ಹದಿನೈದು ಲ್ಯೂಮೆನ್ ಆಸುಪಾಸು. ಅದರ ಬೆಳಕಿನಲ್ಲೇ ಊರೆಲ್ಲ ಗದ್ದೆ ಕಾದಿದ್ದು.

ಟಾರ್ಚ್‌ಗಳನ್ನು ಅಳೆಯುವ ‘ಎಫ್‌ಎಲ್1’ ಎಂಬ ಮಾನದಂಡದ ಗುರುತಿರುವ ಡಬ್ಬಿಯ ಅಂಕಿಗಳನ್ನು ನಂಬಬಹುದು, ಅರ್ಥ ಗೊತ್ತಿದ್ದರೆ. ಅದರಲ್ಲಿ ‘ಉರಿಯುವ ಅವಧಿ’ ಎಂದರೆ ಬೆಳಕು ಮೊದಲಿದ್ದುದರ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಹೊತ್ತು. 200 ಲ್ಯೂಮೆನ್ ಎಂದು ಶುರುವಾಗಿ ಹೆಚ್ಚು ಹೊತ್ತು 40ರಲ್ಲಿ ಉರಿದರೂ ಅಂಕಿ ಸುಳ್ಳಲ್ಲ. ‘ದೂರ’ ಎಂದರೆ ಬೆಳಕು 0.25 ಲಕ್ಸಿಗೆ (ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗ. 100 ಮೀಟರ್ ಎಂದಿದ್ದರೆ 100 ಮೀಟರಿನಾಚೆಯ ಹಂದಿಯೂ ಬಂಡೆಯೂ ಒಂದೇ ತರ ಕಾಣುತ್ತವೆ. ಸ್ಪಷ್ಟವಾಗಿ ಗುರುತು ಹಿಡಿಯಲು ಅದರ ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ.

ನಡೆಯುವವರಿಗೆ ದೂರಕ್ಕಿಂತ ಹರವು ಮುಖ್ಯ. ಬದುವಿನ ಮೇಲೆ ಹೆಜ್ಜೆಯಿಡುವಾಗ ಕಾಲ ಬುಡದಿಂದ ಹತ್ತು ಮೀಟರಿನವರೆಗೆ ಸಮನಾದ ಬೆಳಕು ಬೇಕು. ಬಣ್ಣವನ್ನೂ ನೋಡಿ. ಅಗ್ಗದ ಎಲ್‌ಇಡಿಗಳ ನೀಲಿ ಮಿಶ್ರಿತ ಬಿಳುಪು ಅಂಗಡಿಯಲ್ಲಿ ಜೋರಾಗಿ ಕಂಡರೂ ಅದರಡಿ ಕಂದು ಬಣ್ಣಗಳೆಲ್ಲ ಬೂದಿಯಾಗುತ್ತವೆ. ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲವನ್ನು ಬೇರ್ಪಡಿಸಿ ತೋರಿಸುವುದು 4000–5000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ತುಸು ಹಳದಿ ಬೆರೆತ ಬೆಳಕು. ಮಂಜು, ಜಡಿಮಳೆಯಲ್ಲೂ ಅದು ಕಣ್ಣಿಗೆ ಹಿತ.

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳಲ್ಲಿ ಅತಿ ಹೆಚ್ಚು ಮಾರಾಟವಾಗುವುದು, ಅತಿ ಹೆಚ್ಚು ಕಾಡುವುದು ಎರಡೂ ಒಂದೇ: ತಲೆ ಮುಂದಕ್ಕೆ ಹಿಂದಕ್ಕೆ ಜಾರುವ ‘ಝೂಮ್’ ಟಾರ್ಚ್, ಮೂರು ಎಎಎ ಸೆಲ್ಲಿನ ಪ್ಲಾಸ್ಟಿಕ್ ತೊಟ್ಟಿಲು, ಕಪ್ಪು ಅಲ್ಯೂಮಿನಿಯಂ ಮೈ. ಜಾರುವ ತಲೆ ಪಂಪಿನಂತೆ ಗಾಳಿಯನ್ನೂ ಅದರೊಂದಿಗೆ ತೇವವನ್ನೂ ಒಳಗೆಳೆಯುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗಾಜಿನ ಒಳಗೆ ಬೆವರು. ತೊಟ್ಟಿಲಿನ ಆರು ಸ್ಪರ್ಶದ ಜಾಗಗಳಲ್ಲಿ ಒಂದು ತುಕ್ಕು ಹಿಡಿದರೂ ಟಾರ್ಚ್ ಕಣ್ಣು ಮಿಟುಕಿಸುತ್ತದೆ. ಮೂರರಲ್ಲಿ ಒಂದು ಸೆಲ್ಲು ಉಲ್ಟಾ ಕೂತರೆ ಒಂದೇ ಸೆಲ್ಲಿನಷ್ಟು ವೋಲ್ಟೇಜು ಉಳಿದು ಬೆಳಕು ಬರುವುದಿಲ್ಲ. ತೊಟ್ಟಿಲನ್ನೇ ತಿರುಗಿಸಿ ಹಾಕಿ ‘ಕೆಟ್ಟಿದೆ’ ಎಂದು ವಾಪಸು ತರುವವರೂ ಉಂಟು. ಬೇರೆ ಬಗೆ ಸಿಗುತ್ತಿರುವಾಗ ಇದನ್ನು ಕೊಳ್ಳಬೇಡಿ.

ಎರಡು ದಪ್ಪ ಸೆಲ್ಲಿನ ಪ್ಲಾಸ್ಟಿಕ್ ಟಾರ್ಚ್, ಅರ್ಧ ವ್ಯಾಟಿನ ಒಂದೇ ಎಲ್‌ಇಡಿಯದು, ನೋಡಲು ಮುದುಕನಂತಿದ್ದರೂ ಮನೆಗೆ, ದನದ ಕೊಟ್ಟಿಗೆಗೆ ಇದೇ ಮೇಲು. ದಪ್ಪ ಸೆಲ್ಲಿಗೆ ಈ ಹೊರೆ ಹಗುರ, ಹಾಗಾಗಿ ಮಾಮೂಲಿ ಸೆಲ್ಲೇ ಸಾಕು. ದಿನಕ್ಕೆ ಅರ್ಧ ಗಂಟೆ ಉರಿಸಿದರೆ ಒಂದು ತಿಂಗಳು ಧಾರಾಳವಾಗಿ ಬರುತ್ತದೆ. ಗಮನಿಸಬೇಕಾದ್ದು ಒಂದೇ. ಬಿಳಿ ಎಲ್‌ಇಡಿಗೆ 3 ವೋಲ್ಟಿನಷ್ಟು ಬೇಕು, ಎರಡು ಹೊಸ ಸೆಲ್ಲಿನ ಮೊತ್ತವೂ ಅಷ್ಟೇ. ವೋಲ್ಟೇಜು ಏರಿಸುವ ಸಣ್ಣ ಸರ್ಕ್ಯೂಟ್ ಒಳಗಿಲ್ಲದಿದ್ದರೆ ಸೆಲ್ಲು ಅರ್ಧ ಖರ್ಚಾಗುವಷ್ಟರಲ್ಲೇ ಬೆಳಕು ಮಿಣುಕು. ಇದನ್ನು ಪತ್ತೆಹಚ್ಚುವ ಉಪಾಯ ಸುಲಭ: ಅಂಗಡಿಗೆ ಹೋಗುವಾಗ ಅರ್ಧ ಬಳಸಿದ ಸೆಲ್ಲುಗಳನ್ನು ಒಯ್ಯಿರಿ. ಪೆನ್ಸಿಲ್ ಸೆಲ್ಲಿನ ಟಾರ್ಚಾದರೆ ಗೋಡೆ ಗಡಿಯಾರದಿಂದ ಬಿಚ್ಚಿದ ಸೆಲ್ಲು ಸಾಕು. ಹೊಸ ಸೆಲ್ಲಿನಲ್ಲಿ ಬಂದ ಬೆಳಕಿಗೆ ಹತ್ತಿರವಾದರೂ ಬಂದರೆ ಸರ್ಕ್ಯೂಟ್ ಇದೆ, 1.2 ವೋಲ್ಟಿನ ನಿಕಲ್ ಸೆಲ್ಲೂ ಅದರಲ್ಲಿ ನಡೆಯುತ್ತದೆ. ಅಂಗಡಿಯವರು ಪರೀಕ್ಷೆಗೆ ಹಾಕುವ ಹೊಚ್ಚಹೊಸ ಸೆಲ್ಲಿನಲ್ಲಿ ಎಲ್ಲ ಟಾರ್ಚೂ ಸೂರ್ಯನೇ.

ಒಂದೇ ಟಾರ್ಚ್ ಕೊಳ್ಳುವುದಾದರೆ ನಮ್ಮ ಮತ ಎರಡು ಪೆನ್ಸಿಲ್ ಸೆಲ್ಲಿನ ಅಲ್ಯೂಮಿನಿಯಂ ಟಾರ್ಚಿಗೆ. ಸೆಲ್ಲುಗಳು ಒಂದರ ಹಿಂದೆ ಒಂದು ಕೊಳವೆಯಲ್ಲೇ ಕೂರುವುದರಿಂದ ತೊಟ್ಟಿಲಿನ ರಗಳೆ ಇಲ್ಲ. ತಲೆ ಜಾರದಂತಿರಲಿ, ಒಳಗೆ ಬಟ್ಟಲಿನಂಥ ನುಣುಪು ಅಥವಾ ತರಿತರಿ ರಿಫ್ಲೆಕ್ಟರ್ ಇರಲಿ. ತರಿತರಿಯದಾದರೆ ಹರವು ಇನ್ನೂ ಸಮ. 100–200 ಲ್ಯೂಮೆನ್ನಿನ ಜೋರು, 10 ಲ್ಯೂಮೆನ್ನಿನ ಮೆತ್ತಗೆ, ಇವೆರಡೇ ಸಾಕು. ಮಿಂಚುವ ಸ್ಟ್ರೋಬ್, ಆಪತ್ತಿನ ಸಂಕೇತವಾದ ಎಸ್‌ಒಎಸ್ ಎಂಬುವು ಪ್ರತಿ ಸಲ ಒತ್ತಿದಾಗಲೂ ಅಡ್ಡ ಬಂದರೆ ಮನೆಯ ಹಿರಿಯರು ಆ ಟಾರ್ಚನ್ನು ಮುಟ್ಟುವುದೇ ಇಲ್ಲ. ಬಾಲದಲ್ಲಿ ‘ಕ್ಲಿಕ್’ ಎನ್ನುವ ಯಾಂತ್ರಿಕ ಸ್ವಿಚ್ಚು ಇರಲಿ. ಪಕ್ಕದ ಮೃದು ಸ್ವಿಚ್ಚುಗಳು ಎಲೆಕ್ಟ್ರಾನಿಕ್, ಆರಿಸಿದ್ದಾಗಲೂ ಚೂರು ಚೂರು ಕರೆಂಟ್ ಕುಡಿಯುತ್ತಿರುತ್ತವೆ. ನೀರು ತಡೆಯುವ ಗುರುತು ಐಪಿಎಕ್ಸ್4 ಎಂದಿದ್ದರೆ ಎರಚಲು ಮಳೆ ತಡೆಯುತ್ತದೆ, ಐಪಿಎಕ್ಸ್7 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಗುರುತೇ ಇಲ್ಲದಿದ್ದರೆ ಬಾಲದ ಮುಚ್ಚಳ ಬಿಚ್ಚಿ ತಿರುಪಿನ ಬುಡದಲ್ಲಿ ರಬ್ಬರ್ ಉಂಗುರ ಇದೆಯೇ ನೋಡಿ.

ಒಂದೇ ಪೆನ್ಸಿಲ್ ಸೆಲ್ಲಿನವು ಜೇಬಿಗೆ ಚೆನ್ನ. ಫೆನಿಕ್ಸ್ ಇ12 ವಿ2 ಒಂದು ಎಎ ಸೆಲ್ಲಿನಲ್ಲಿ 160 ಲ್ಯೂಮೆನ್ ಕೊಡುತ್ತದೆ, ಆದರೆ ಬೆಲೆಯಲ್ಲಿ ‘ಅಗ್ಗ’ದ ಗೆರೆ ದಾಟುತ್ತದೆ. ಒಂಟಿ ಸೆಲ್ಲಿನ ಟಾರ್ಚಿಗೆ ಮಾಮೂಲಿ ಸೆಲ್ಲು ಹಾಕಿ ನಿರಾಶರಾಗಬೇಡಿ, 1.5 ವೋಲ್ಟನ್ನು 3ಕ್ಕೆ ಏರಿಸಲು ಆ ಟಾರ್ಚ್ ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಎಳೆಯುತ್ತದೆ. ಇನ್ನೊಂದು ಎಚ್ಚರಿಕೆ. ‘14500’ ಎಂಬ ಲಿಥಿಯಂ ಸೆಲ್ಲು ಗಾತ್ರದಲ್ಲಿ ಪೆನ್ಸಿಲ್ ಸೆಲ್ಲಿನ ತದ್ರೂಪು, ವೋಲ್ಟೇಜು ಮಾತ್ರ ತುಂಬಿದಾಗ 4.2. ಕಾನ್ವಾಯ್ ಟಿ3, ಸೋಫಿರ್ನ್ ಎಸ್‌ಪಿ10 ಪ್ರೊನಂಥ ಟಾರ್ಚ್‌ಗಳು ಎರಡೂ ಬಗೆಯ ಸೆಲ್ಲನ್ನು ತಾಳುವಂತೆ ಮಾಡಿದವು. ಡಬ್ಬಿಯಲ್ಲಿ ಹಾಗೆಂದು ಬರೆಯದ ಟಾರ್ಚಿಗೆ 14500 ಹಾಕಿದರೆ ಸರ್ಕ್ಯೂಟ್ ಸುಡಬಹುದು.

ಕೆಟ್ಟಿತೆಂದು ಎಸೆಯುವ ಟಾರ್ಚ್‌ಗಳಲ್ಲಿ ಹಲವು ಐದು ನಿಮಿಷದ ಕೆಲಸಕ್ಕೆ ಸರಿಯಾಗುತ್ತವೆ. ಅಲ್ಯೂಮಿನಿಯಂ ಟಾರ್ಚಿನಲ್ಲಿ ಕರೆಂಟ್ ಹರಿಯುವುದು ಮೈಯ ಮೂಲಕವೇ. ಬೆಳಕು ಮಿಟುಕಿದರೆ ಮೊದಲು ಬಾಲದ ಕಡೆ ಕೊಳವೆಯ ಬರಿ ಲೋಹದ ಅಂಚನ್ನೂ ತಿರುಪನ್ನೂ ಒಣ ಬಟ್ಟೆಯಿಂದ ಉಜ್ಜಿ. ಆಮೇಲೆ ಮುಚ್ಚಳದ ಒಳಗೆ ನೋಡಿ: ಸ್ವಿಚ್ಚನ್ನು ಹಿಡಿದಿಟ್ಟ ಉಂಗುರದಲ್ಲಿ ಎರಡು ತೂತುಗಳಿರುತ್ತವೆ, ಚೂಪು ಚಿಮುಟವನ್ನು ಅವುಗಳಲ್ಲಿಟ್ಟು ಬಿಗಿ ಮಾಡಿ. ಮಿಟುಕಿಗೆ ಕಾರಣ ಬಹಳ ಸಲ ಈ ಸಡಿಲ ಉಂಗುರವೇ. ಸ್ಪ್ರಿಂಗು ಕುಗ್ಗಿದ್ದರೆ ಮೆಲ್ಲಗೆ ಎರಡು ಮಿಲಿಮೀಟರ್ ಎಳೆಯಿರಿ.

ಸೆಲ್ಲು ಒಸರಿದ್ದರೆ ಯಾವ ಜಾತಿಯದು ಎಂದು ನೋಡಿ ಮದ್ದು ಮಾಡಬೇಕು. ಅಲ್ಕಲೈನ್ ಒಸರುವುದು ಕ್ಷಾರ. ಒಣಗಿದ ಬಿಳಿ ಹಕ್ಕಳೆಗೆ ಹತ್ತಿಯಲ್ಲಿ ಅದ್ದಿದ ನಿಂಬೆರಸ ಅಥವಾ ವಿನೆಗರ್ ಸವರಿದರೆ ನೊರೆಯೆದ್ದು ಕರಗುತ್ತದೆ. ಮಾಮೂಲಿ ಸೆಲ್ಲಿನದು ಆಮ್ಲದ ಕಡೆಯದು, ಅದಕ್ಕೆ ಅಡುಗೆ ಸೋಡಾ ಕದಡಿದ ನೀರು. ಎರಡರಲ್ಲೂ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಅಲ್ಯೂಮಿನಿಯಂ ಕೊಳವೆಯಲ್ಲಿ ಹುಳಿಯನ್ನು ನಿಲ್ಲಲು ಬಿಡಬೇಡಿ. ಹಳೆಯದೊಂದು ಹೊಸದೊಂದು ಸೆಲ್ಲು ಜೋಡಿಸುವುದೇ ಒಸರಿಕೆಗೆ ದೊಡ್ಡ ದಾರಿ: ಹಳೆಯದು ಮೊದಲು ಬರಿದಾಗುತ್ತದೆ, ಹೊಸದು ಅದರ ಮೂಲಕ ಹಿಮ್ಮುಖವಾಗಿ ಕರೆಂಟ್ ದೂಡುತ್ತದೆ.

ಆಪತ್ತಿಗೆಂದು ಎತ್ತಿಡುವ ಟಾರ್ಚಿನಿಂದ ಸೆಲ್ಲು ತೆಗೆದು, ಜೊತೆಯಾಗಿ ರಬ್ಬರ್ ಹಾಕಿ ಟಾರ್ಚಿಗೇ ಕಟ್ಟಿಡಿ. ಎರಡರ ತಲೆಗಳೂ ಒಂದೇ ಕಡೆಗಿರಲಿ, ಕತ್ತಲಲ್ಲಿ ಬೆರಳಿನಿಂದ ಮುಟ್ಟಿಯೇ ಮೊಗ್ಗಿನ ತುದಿ ಯಾವುದೆಂದು ತಿಳಿದು ಹಾಕಬಹುದು. ದಿನ ಬಳಸುವುದನ್ನು ಚೀಲದಲ್ಲಿ ಒಯ್ಯುವಾಗ ಬಾಲವನ್ನು ಕಾಲು ಸುತ್ತು ಸಡಿಲಿಸಿ: ತಿರುಪಿಗೆ ಬಣ್ಣದ ಲೇಪ ಇರುವ ಟಾರ್ಚಾದರೆ ಅಷ್ಟಕ್ಕೇ ಸಂಪರ್ಕ ಕಡಿದು, ಸ್ವಿಚ್ಚು ಒತ್ತಿಹೋದರೂ ಉರಿಯುವುದಿಲ್ಲ.