"ಆರು ಜನ ಮಲಗಬಹುದು": ಬಾಡಿಗೆ ಮೋಟರ್‌ಹೋಮ್‌ನಲ್ಲಿ ಒಂಬತ್ತು ದಿನ

ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಒಳಗೇ ಇರುವ ಈ ಗಾಡಿಯ ಜಾಹೀರಾತಿನಲ್ಲಿ "ಆರು ಜನಕ್ಕೆ" ಎಂದಿತ್ತು. ನಾವೂ ಸರಿಯಾಗಿ ಆರೇ ಜನ. ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಅತ್ತೆ, ಮಾವ. ಲೆಕ್ಕ ಸರಿಹೋಯಿತು ಅಂದುಕೊಂಡು ಒಂಬತ್ತು ದಿನಕ್ಕೆ ಬಾಡಿಗೆಗೆ ತಗೊಂಡೆವು. ಗಾಡಿ ಚೆನ್ನಾಗಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಳು ಮೀಟರ್ ಉದ್ದ. ಎಂಜಿನ್ ಒಂದು ದಿನವೂ ಕೈಕೊಡಲಿಲ್ಲ. ನನ್ನ ತಕರಾರು ಆ "ಆರು" ಎಂಬ ಅಂಕಿಯ ಮೇಲೆ.

ಹಾಸಿಗೆಗಳೇನೋ ಆರು ಜನಕ್ಕಿದ್ದವು. ಹಿಂದೆ ಇಬ್ಬರಿಗೆ, ಡ್ರೈವರ್ ಸೀಟಿನ ಮೇಲಿನ ಅಟ್ಟದಲ್ಲಿ ಇಬ್ಬರಿಗೆ, ಊಟದ ಮೇಜನ್ನು ತಗ್ಗಿಸಿ ಮೇಲೆ ಮೆತ್ತೆ ಜೋಡಿಸಿದರೆ ಇನ್ನಿಬ್ಬರಿಗೆ. ಅಟ್ಟ ಮಕ್ಕಳ ಪಾಲಾಯಿತು. ಬೀಳದ ಹಾಗೆ ಕಟ್ಟುವ ಬಲೆ ಇದೆ, ಎಷ್ಟೇ ಸುಸ್ತಾಗಿದ್ದರೂ ಅದನ್ನು ಕಟ್ಟದೆ ಮಲಗಿಸಬೇಡಿ. ಹಿರಿಯರಿಗೆ ಹಿಂದಿನ ಒಳ್ಳೆಯ ಹಾಸಿಗೆ ಬಿಟ್ಟುಕೊಟ್ಟು ಮೇಜಿನದನ್ನು ನಾವಿಬ್ಬರು ಇಟ್ಟುಕೊಂಡೆವು. ಅಲ್ಲೇ ಎಡವಿದ್ದು. ಮೇಜಿನ ಮೇಲೆ ಮಲಗುವವರು ಎಲ್ಲರೂ ಮಲಗಿದ ಮೇಲೆ ಮಲಗಬೇಕು, ಎಲ್ಲರಿಗಿಂತ ಮೊದಲು ಏಳಬೇಕು. ನಮ್ಮ ಮಾವ ನಾಲ್ಕೂವರೆಗೆಲ್ಲ ಎದ್ದು ಹೊರಗೆ ಹೋಗುವವರು. ಬಾಗಿಲು ನಮ್ಮ ಕಾಲ ಬುಡದಲ್ಲಿ. "ಮಲಗಿರಮ್ಮಾ, ಏಳಬೇಡ" ಎನ್ನುತ್ತಲೇ ದಿನಾ ನನ್ನ ಕಾಲು ತುಳಿದುಕೊಂಡು ಹೋದರು. ನಾಲ್ಕನೆಯ ದಿನ ಅವರೇ, "ಹೇಗಿದ್ರೂ ನಾನು ಬೇಗ ಏಳೋನು, ಆ ಹಾಸಿಗೆ ನಮಗೇ ಇರಲಿ" ಎಂದರು. ಆಮೇಲೆ ನಾವು ಏಳುವ ಹೊತ್ತಿಗೆ ಮೇಜು ಮತ್ತೆ ಮೇಜಾಗಿರುತ್ತಿತ್ತು.

ಇನ್ನೊಂದು ಮಾತು. ಹಾಸಿಗೆ ಎಷ್ಟು ಎಂದು ಕೇಳುವವರು ಸೀಟ್ ಬೆಲ್ಟ್ ಎಷ್ಟು ಎಂದೂ ಕೇಳಿ. ಎರಡೂ ಒಂದೇ ಇರಬೇಕೆಂದೇನಿಲ್ಲ. ಗಾಡಿ ಓಡುವಾಗ ಹಿಂದಿನ ಹಾಸಿಗೆಯಲ್ಲಿ ಯಾರನ್ನೂ ಮಲಗಿಸುವ ಹಾಗಿಲ್ಲ, ಮಕ್ಕಳು ಎಷ್ಟೇ ಗೋಗರೆದರೂ.

ತೂಕದ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಬಾಗಿಲ ಹತ್ತಿರದ ಪ್ಲೇಟಿನಲ್ಲಿ ಒಟ್ಟು ತೂಕ 3500 ಕೆಜಿ ಮೀರಬಾರದು ಎಂದಿತ್ತು, ಕಾಗದದಲ್ಲಿ ಖಾಲಿ ತೂಕ 2980. ಉಳಿದದ್ದು 520. ನಾವು ಆರು ಜನವೇ 330 ಕೆಜಿ ಆದೆವು. ನೀರಿನ ಟ್ಯಾಂಕ್ 100 ಲೀಟರಿನದು, ಅಂದರೆ ಇನ್ನೂ 100 ಕೆಜಿ. ಮಿಕ್ಕ 90ರಲ್ಲಿ ಗ್ಯಾಸ್ ಸಿಲಿಂಡರ್, ಪಾತ್ರೆ, ಬಟ್ಟೆ, ಮಡಿಸುವ ಕುರ್ಚಿ, ಮಗನ ಸೈಕಲ್. ಸೈಕಲ್ ಮನೆಯಲ್ಲೇ ಉಳಿಯಿತು, ಅವನು ಎರಡು ದಿನ ಮಾತಾಡಲಿಲ್ಲ. ದಾರಿಯಲ್ಲಿ ಟ್ಯಾಂಕನ್ನು ಕಾಲು ಭಾಗ ಮಾತ್ರ ತುಂಬಿಸಿಕೊಂಡು, ತಂಗುವ ಜಾಗದಲ್ಲಿ ಪೂರ್ತಿ ತುಂಬಿಸುವುದನ್ನು ರೂಢಿ ಮಾಡಿಕೊಂಡೆವು.

ಆ 100 ಲೀಟರನ್ನು ಆರರಿಂದ ಭಾಗಿಸಿ ನೋಡಿ. ತಲೆಗೆ ಹದಿನಾರು ಚಿಲ್ಲರೆ. ಕುಡಿಯೋದು, ಅಡುಗೆ, ಪಾತ್ರೆ, ಸ್ನಾನ ಎಲ್ಲ ಅದರಲ್ಲೇ. ಮೊದಲ ದಿನ ಮಗಳು ಮನೆಯಲ್ಲಿ ನಿಂತ ಹಾಗೆ ಶವರ್ ಕೆಳಗೆ ನಿಂತಳು. ಬಿಸಿನೀರಿನ ಬಾಯ್ಲರ್ ಹಿಡಿಯುವುದೇ 10 ಲೀಟರ್. ಅವಳು ಹೊರಬಂದಾಗ ಅದೂ ತಣ್ಣಗೆ, ಟ್ಯಾಂಕೂ ಅರ್ಧ. ಮೈ ನೆನೆಸಿ ನಲ್ಲಿ ನಿಲ್ಲಿಸು, ಸೋಪು ಹಚ್ಚು, ಮತ್ತೆ ಬಿಡು ಎಂದು ನಾನು ಬಾಗಿಲ ಹೊರಗೆ ನಿಂತು ಕೂಗಬೇಕಾಯಿತು. ಹೀಗೆ ಮಾಡಿದರೆ ಏಳೆಂಟು ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ. ಬಳಸಿದ ನೀರು ಎಲ್ಲಿ ಹೋಗುತ್ತದೆ ಎಂಬುದೂ ಮರೆಯಬಾರದು. ಅದಕ್ಕೆ ಕೆಳಗೆ ಬೇರೆ ಟ್ಯಾಂಕ್ ಇದೆ. ಅದು ತುಂಬಿದರೆ ನೀರು ಶವರ್ ನೆಲದ ತೂತಿನಿಂದ ವಾಪಸ್ ಬರುತ್ತದೆ. ಮೂರನೆಯ ರಾತ್ರಿ ಪಾತ್ರೆ ತೊಳೆದ ನೀರು ಅತ್ತೆಯ ಚಪ್ಪಲಿಯನ್ನು ತೇಲಿಸಿತು.

ಈಗ ಶೌಚಾಲಯ. ಇದನ್ನು ಹೊಗಳಿ ಬರೆಯುವವರು ಯಾರೂ ಇಲ್ಲ, ಆದರೆ ಕುಟುಂಬದ ಶಾಂತಿ ನಿಂತಿರುವುದೇ ಇದರ ಮೇಲೆ. ನಮ್ಮದರಲ್ಲಿ ಹೊರಗಿನ ಸಣ್ಣ ಬಾಗಿಲಿನಿಂದ ಎಳೆದು ತೆಗೆಯುವ ಕ್ಯಾಸೆಟ್, ಅಂದರೆ ಮಲಮೂತ್ರ ಸೇರುವ ಡಬ್ಬಿ ಇತ್ತು, 17 ಲೀಟರಿನದು. ಆರು ಜನಕ್ಕೆ ಒಂದೂವರೆ ದಿನ ಬಂದರೆ ಜಾಸ್ತಿ. ಕೆಂಪು ದೀಪ ಹತ್ತಿದ ಮೇಲೆ ಕಾಯುವ ಹಾಗಿಲ್ಲ. ಖಾಲಿ ಮಾಡುವಾಗ ಅದರ ಮೇಲೆ ಗಾಳಿಯಾಡಲು ಒಂದು ಗುಂಡಿ ಇರುತ್ತದೆ. ಸುರಿಯುವಾಗ ಅದನ್ನು ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಗಳಗಳ ಎಂದು ತಡೆತಡೆದು ಬಂದು ಎಗರುತ್ತದೆ. ನನ್ನ ಗಂಡನಿಗೆ ಇದು ಗೊತ್ತಾದದ್ದು ಎಗರಿದ ಮೇಲೆ. ಒದ್ದೆ ಟಿಶ್ಯೂ ಅದರೊಳಗೆ ಹಾಕಲೇಬೇಡಿ, ಕರಗುವುದಿಲ್ಲ. ದೊಡ್ಡ ಗಾಡಿಗಳಲ್ಲಿ ಕ್ಯಾಸೆಟ್ ಬದಲು ಕೆಳಗೇ ಕೂಡಿಸಿದ ಟ್ಯಾಂಕ್ ಇರುತ್ತದೆ. ಅದರ ವಾಲ್ವ್ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯದು ಗುಡ್ಡೆಯಾಗಿ ಕೂರುತ್ತದೆ. ಮುಚ್ಚಿಟ್ಟು, ಚೆನ್ನಾಗಿ ತುಂಬಿದ ಮೇಲೆ ಬಿಡಬೇಕು. ಮೊದಲು ಅದು, ಆಮೇಲೆ ಸ್ನಾನದ ನೀರು. ಪೈಪು ತಾನೇ ತೊಳೆದುಕೊಳ್ಳುತ್ತದೆ.

ಫ್ರಿಜ್ ಎರಡನೆಯ ಬೆಳಗ್ಗೆ ಬೆಚ್ಚಗಿತ್ತು. ಕೆಟ್ಟಿದೆ ಎಂದು ಫೋನ್ ಮಾಡಿ ಜಗಳಕ್ಕೇ ನಿಂತಿದ್ದೆ. ಕೆಟ್ಟಿರಲಿಲ್ಲ. ಗ್ಯಾಸ್‌ನಲ್ಲಿ ನಡೆಯುವ ಈ ಫ್ರಿಜ್‌ಗಳಲ್ಲಿ ಮೋಟರ್ ಇಲ್ಲ, ಅಮೋನಿಯಾ ದ್ರವ ತನ್ನಷ್ಟಕ್ಕೆ ಇಳಿದು ತಿರುಗಬೇಕು. ಗಾಡಿ ಒಂದು ಕಡೆ ವಾಲಿ ನಿಂತರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾವು ನಿಲ್ಲಿಸಿದ್ದು ಇಳಿಜಾರಿನಲ್ಲಿ. ತಗ್ಗಿನ ಕಡೆಯ ಚಕ್ರಕ್ಕೆ ಇಡುವ ಹಳದಿ ಮೆಟ್ಟಿಲುಗಳು ನಮ್ಮ ಡಿಕ್ಕಿಯಲ್ಲೇ ಬಿದ್ದಿದ್ದವು, ಅವು ಏನಕ್ಕೆ ಎಂದು ಯಾರೂ ಹೇಳಿರಲಿಲ್ಲ. ಅವುಗಳ ಮೇಲೆ ಚಕ್ರ ಹತ್ತಿಸಿದ ಮೇಲೆ ಗಾಡಿ ಸಮ ನಿಂತಿತು, ಸಂಜೆಗೆ ಫ್ರಿಜ್ ತಣ್ಣಗಾಯಿತು. ಕಂಪ್ರೆಸರ್ ಇರುವ ಫ್ರಿಜ್ ಆದರೆ ಈ ತಲೆನೋವು ಕಡಿಮೆ, ಆದರೆ ಅದು ಬ್ಯಾಟರಿ ತಿನ್ನುತ್ತದೆ.

ರಾತ್ರಿ ಆರು ಜನ ಉಸಿರಾಡಿದರೆ ಬೆಳಗ್ಗೆ ಕಿಟಕಿಯಲ್ಲಿ ನೀರು ಇಳಿಯುತ್ತದೆ. ಚಳಿ ಎಂದು ಅತ್ತೆ ನೆಲದ ಗಾಳಿ ಕಿಂಡಿಗೆ ಟವೆಲ್ ತುರುಕಿದ್ದರು. ತಕ್ಷಣ ತೆಗೆಸಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಆ ಕಿಂಡಿ ಇರುವುದೇ ಅದಕ್ಕೆ. ಒಲೆ ಹಚ್ಚಿಟ್ಟು ಬೆಚ್ಚಗೆ ಮಾಡಿಕೊಳ್ಳುವ ಯೋಚನೆಯೂ ಬೇಡ, ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಗೊತ್ತಾಗುವುದಿಲ್ಲ. ಇನ್ನೊಂದು ಹೊದಿಕೆ ಕೊಟ್ಟೆ, ಅತ್ತೆ ಗೊಣಗಿಕೊಂಡೇ ಹೊದ್ದರು.

ಬಾಡಿಗೆಯವರ ಬಗ್ಗೆ ಹೇಳಲೇಬೇಕು. ಗಾಡಿ ಕೊಡುವಾಗ ಇಪ್ಪತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಕೀ ಕೈಗಿಟ್ಟರು. ವಾಪಸ್ ತಗೊಳ್ಳುವಾಗ ಮಾತ್ರ ಮುಕ್ಕಾಲು ಗಂಟೆ ಸುತ್ತುಹಾಕಿದರು. ಛಾವಣಿಯ ಅಂಚಿನ ಒಂದು ಗೀರಿಗೆ ಠೇವಣಿಯಲ್ಲಿ ಹಣ ಹಿಡಿದರು. ಅದು ಮೊದಲೇ ಇತ್ತು ಎಂದು ನನ್ನ ನಂಬಿಕೆ, ಆದರೆ ತೋರಿಸಲು ಫೋಟೋ ಇಲ್ಲ. ಸುತ್ತಲೂ ವಿಡಿಯೋ ಮಾಡಿದ್ದೆ, ಛಾವಣಿ ಬಿಟ್ಟು. ನೀವು ಏಣಿ ಕೇಳಿ ಮೇಲೂ ಹತ್ತಿ. ವಿವರಣೆಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಡುರಾತ್ರಿ ಪಂಪ್ ನಿಂತಾಗ ಬೇಕಾಗುತ್ತದೆ.

ಗಾಡಿಗೆ ಐದರಲ್ಲಿ ನಾಲ್ಕು, ಬಾಡಿಗೆಯವರಿಗೆ ಎರಡು. ಅದನ್ನೇ ಮತ್ತೆ ತಗೊಳ್ಳುತ್ತೇನೆ, ನಾಲ್ಕೇ ಜನ ಹೋಗುವುದಾದರೆ. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ಓದುತ್ತಿದ್ದ ಪತ್ರಿಕೆ ಕೆಳಗಿಟ್ಟು, "ಯಾವ ನಾಲ್ಕು?" ಎಂದು ಕೇಳಿದರು.