25 ಲೀಟರಿನಿಂದ 50 ಲೀಟರಿಗೆ: ದೊಡ್ಡ ಭಟ್ಟಿ ಕೊಳ್ಳುವುದು ಲಾಭವೇ?

50 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಬಾಯ್ಲರ್, ಅದರ ಮೇಲೆ 2 ಇಂಚಿನ ಟ್ರೈ-ಕ್ಲ್ಯಾಂಪ್ ಕಾಲಂ, ಅಂದರೆ ಕ್ಲ್ಯಾಂಪಿನಿಂದ ಬಿಗಿಸುವ, ಆವಿ ಏರುವ ಕೊಳವೆ. ನ್ಯೂಜಿಲೆಂಡ್‌ನಲ್ಲಿ ಸ್ಟಿಲ್ ಸ್ಪಿರಿಟ್ಸ್ ಕಂಪನಿಯ 25 ಲೀಟರಿನ ಟಿ500 ಭಟ್ಟಿ ಇಟ್ಟುಕೊಂಡು ಮನೆಯಲ್ಲೇ ಭಟ್ಟಿ ಇಳಿಸುವವರು ಮುಂದಿನ ಹೆಜ್ಜೆ ಎಂದಾಗ ಕಣ್ಣು ಹಾಕುವುದು ಸಾಮಾನ್ಯವಾಗಿ ಈ ಜೋಡಿಯ ಮೇಲೆ. ಅಲ್ಲಿ ಸ್ವಂತ ಬಳಕೆಗೆ ಭಟ್ಟಿ ಇಳಿಸುವುದು 1996ರಿಂದ ಕಾನೂನುಬದ್ಧ. ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ. ಪಕ್ಕದ ಆಸ್ಟ್ರೇಲಿಯಾದಲ್ಲಿ ಮದ್ಯ ಇಳಿಸಲು ಲೈಸೆನ್ಸ್ ಬೇಕೇ ಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಇದು ಅಪರಾಧ. ಆದ್ದರಿಂದ ಇಲ್ಲಿ ಬರೆದಿರುವುದು ಆಕ್ಲೆಂಡ್, ಹ್ಯಾಮಿಲ್ಟನ್, ವೆಲಿಂಗ್ಟನ್ ಕಡೆಯ ಕನ್ನಡಿಗರಿಗೆ. ಊರಿಗೆ ಹೊತ್ತು ತರುವ ಸಾಮಾನಲ್ಲ.

ಬಾಯ್ಲರ್ ಎರಡರಷ್ಟಾದರೆ ಕೆಲಸ ಅರ್ಧವಾಗುತ್ತದೆ ಎಂದು ನಂಬಿ ಕೊಳ್ಳುವವರಿಗೆ ನಿರಾಸೆ ಖಚಿತ. ಪಾತ್ರೆ, ಬಿಸಿ, ಕಾಲಂ, ತಣ್ಣೀರು ಈ ನಾಲ್ಕೂ ಒಟ್ಟಿಗೆ ಬೆಳೆಯಬೇಕು. ಒಂದನ್ನೇ ಬೆಳೆಸಿದರೆ ಉಳಿದ ಮೂರು ಅದನ್ನು ಹಿಡಿದು ನಿಲ್ಲಿಸುತ್ತವೆ.

ಲೆಕ್ಕ ನೋಡಿ. ನೊರೆಗೆ ಜಾಗ ಬಿಟ್ಟು 50 ಲೀಟರ್ ಪಾತ್ರೆಗೆ ಹಾಕಬಹುದಾದದ್ದು ಸುಮಾರು 42 ಲೀಟರ್ ವಾಶ್, ಅಂದರೆ ಹುಳಿಸಿದ ದ್ರವ. ಶೇ 10 ಆಲ್ಕೋಹಾಲಿನ ವಾಶ್ ಕುದಿಯುವುದು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. 20 ಡಿಗ್ರಿಯಿಂದ ಅಲ್ಲಿಗೇರಿಸಲು 2000 ವ್ಯಾಟ್‌ನ ಹೀಟರಿಗೆ, ಗೋಡೆಯಿಂದ ಸೋರುವ ಬಿಸಿಯನ್ನೂ ಸೇರಿಸಿದರೆ, ಎರಡು ಗಂಟೆ ಹತ್ತಿರ ಬೇಕು. ಟಿ500ರಲ್ಲಿ 21 ಲೀಟರಿಗೆ ಇದೇ ಕೆಲಸ ಒಂದು ಗಂಟೆಯದು. ಅಂದರೆ ಕಾಯಿಸುವ ಸಮಯದಲ್ಲಿ ಉಳಿತಾಯ ಸೊನ್ನೆ. 3500 ವ್ಯಾಟ್ ಹಾಕಿದರೆ ಮಾತ್ರ 42 ಲೀಟರೂ ಒಂದು ಗಂಟೆ ಚಿಲ್ಲರೆಯಲ್ಲಿ ಕುದಿಗೆ ಬರುತ್ತದೆ.

ಮೊದಲ ತೊಡಕು ಬರುವುದೂ ಇಲ್ಲೇ. ನ್ಯೂಜಿಲೆಂಡ್ ಮನೆಗಳ ಸಾಧಾರಣ ಸಾಕೆಟ್ 10 ಆ್ಯಂಪಿನದು. 230 ವೋಲ್ಟಿನಲ್ಲಿ 2300 ವ್ಯಾಟ್‌ಗೆ ಮುಗಿಯಿತು. 3500 ವ್ಯಾಟ್‌ಗೆ ಎಲೆಕ್ಟ್ರಿಷಿಯನ್ ಕರೆಸಿ ಗ್ಯಾರೇಜಿಗೆ ಪ್ರತ್ಯೇಕ ಲೈನ್, ಅದಕ್ಕೆ ತಕ್ಕ ಸಾಕೆಟ್ ಹಾಕಿಸಬೇಕು. ಎಕ್ಸ್‌ಟೆನ್ಶನ್ ತಂತಿಯಲ್ಲಿ ಎಳೆದು ಗಂಟೆಗಟ್ಟಲೆ ಓಡಿಸುವುದು ಬೇಡ: ಪ್ಲಗ್ ಕರಗುತ್ತದೆ, ಅದೂ ಆಲ್ಕೋಹಾಲ್ ಆವಿ ಇರುವ ಕೋಣೆಯಲ್ಲಿ. ಬಾಯ್ಲರಿನ ಬೆಲೆ ನೋಡುವಾಗ ಈ ವೈರಿಂಗ್ ಖರ್ಚನ್ನು ಸೇರಿಸಿಯೇ ನೋಡಬೇಕು.

ಇನ್ನು ಕಾಲಂ. ಬಾಯ್ಲರಿನ ಅಳತೆ ಬದಲಾದರೂ 2 ಇಂಚಿನ ಕೊಳವೆ ಹೊತ್ತುಕೊಳ್ಳುವ ಆವಿ ಬದಲಾಗದು. ಒಳಗೆ ತುಂಬಿದ ತಾಮ್ರದ ಜಾಳಿಗೆಯಂಥ ಪ್ಯಾಕಿಂಗ್‌ಗೆ ಅನುಗುಣವಾಗಿ 2000ದಿಂದ 2500 ವ್ಯಾಟ್ ಅದರ ಮಿತಿ. ಅದನ್ನು ದಾಟಿದರೆ ಮೇಲಿಂದ ಇಳಿಯುವ ದ್ರವವನ್ನು ಆವಿ ತಡೆಹಿಡಿಯುತ್ತದೆ, ಕಾಲಂ ತುಂಬಿಕೊಳ್ಳುತ್ತದೆ. ಗುಳುಗುಳು ಸದ್ದು, ಏರಿಳಿಯುವ ಥರ್ಮಾಮೀಟರ್, ಹನಿಯುವ ಬದಲು ಉಗುಳುವ ನಳಿಕೆ ಇದರ ಗುರುತು. ಆಗ ಬಿಸಿ ತಗ್ಗಿಸಿ ಕಾಲಂ ಬರಿದಾಗಲು ಬಿಟ್ಟು, ಮೊದಲಿಗಿಂತ ಕಡಿಮೆ ವ್ಯಾಟಿನಲ್ಲಿ ಮತ್ತೆ ಶುರು ಮಾಡಬೇಕು. ತಾಮ್ರದ ಜಾಳಿಗೆಯನ್ನು ಬಿಗಿಯಾಗಿ ತುರುಕಿದರೆ 1800 ವ್ಯಾಟಿಗೂ ಹೀಗಾಗುತ್ತದೆ. ಊದಿದರೆ ಗಾಳಿ ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. 4 ಇಂಚಿನ ಕಾಲಂನ ಅಡ್ಡಕೊಯ್ತದ ವಿಸ್ತೀರ್ಣ 2 ಇಂಚಿನದರ ನಾಲ್ಕು ಪಟ್ಟು. ಆದರೆ ಅದನ್ನು ಪೂರ್ತಿ ದುಡಿಸಲು ಬೇಕಾದ ಬಿಸಿಯನ್ನು ಮನೆಯ ವಿದ್ಯುತ್ತು ಸುಲಭವಾಗಿ ಕೊಡದು.

ಹಾಗಾದರೆ 2 ಇಂಚಿನ ಕಾಲಂ ಇಟ್ಟುಕೊಂಡು ವೋಡ್ಕಾ ಮಾತ್ರ ಮಾಡುವವರಿಗೆ ದೊಡ್ಡ ಬಾಯ್ಲರಿನಿಂದ ಏನು ಸಿಗುತ್ತದೆ? ಎರಡು ಸಲ ಜೋಡಿಸಿ, ತೊಳೆದು, ಕಾಲಂ ಸ್ಥಿರವಾಗಲು ಅರ್ಧರ್ಧ ಗಂಟೆ ಕಾಯುವ ಬದಲು ಒಂದೇ ಸಲ. ಅದಕ್ಕಿಂತ ಹೆಚ್ಚೇನಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರು ಟಿ500ರಲ್ಲೇ ಇರುವುದು ಒಳ್ಳೆಯದು; ಶೇ 93ರ ಶುದ್ಧತೆ ಅದರಲ್ಲೇ ಸಿಗುತ್ತದೆ, ಖಾಲಿ ಪಾತ್ರೆಯನ್ನು ಒಂದು ಕೈಯಲ್ಲಿ ಎತ್ತಿಡಬಹುದು.

50 ಲೀಟರ್ ನಿಜವಾಗಿ ಹಣ ತೀರಿಸುವುದು ರಮ್, ವಿಸ್ಕಿ, ಬ್ರಾಂಡಿ ಮಾಡುವವರಿಗೆ. ಇವುಗಳಿಗೆ ಎರಡು ಹಂತ ಬೇಕು: ಮೊದಲು ವಾಶ್‌ನಿಂದ ಆಲ್ಕೋಹಾಲನ್ನೆಲ್ಲ ಒರಟಾಗಿ ಇಳಿಸುವ ಸ್ಟ್ರಿಪ್ಪಿಂಗ್, ನಂತರ ಇಳಿದದ್ದನ್ನು ಮತ್ತೆ ನಿಧಾನವಾಗಿ ಭಟ್ಟಿ ಇಳಿಸುವ ಎರಡನೇ ಓಟ. ಸ್ಟ್ರಿಪ್ಪಿಂಗ್‌ಗೆ ಪ್ಯಾಕಿಂಗ್ ಬೇಡ, ಕಾಲಂ ಖಾಲಿ ಕೊಳವೆ. ವ್ಯಾಟಿನ ಮಿತಿ ಸಡಿಲವಾಗುತ್ತದೆ. 42 ಲೀಟರಿನಿಂದ ಶೇ 32ರ ಸುಮಾರು 12 ಲೀಟರ್ ಇಳಿಸಲು, ಕುದಿ ಬಂದ ಮೇಲೆ, 3500 ವ್ಯಾಟಿಗೆ ಎರಡು ಗಂಟೆಯೂ ಬೇಡ. 2000 ವ್ಯಾಟಿಗೆ ಮೂರು ಗಂಟೆ ದಾಟುತ್ತದೆ. ಇಂಥ ಎರಡು ಓಟದ 24 ಲೀಟರನ್ನು ಒಟ್ಟಿಗೆ ಹಾಕಿದರೆ ಒಂದು ಹದವಾದ ಎರಡನೇ ಓಟ ಸಿಗುತ್ತದೆ. ಶೇ 40ಕ್ಕಿಂತ ಗಟ್ಟಿಯಿದ್ದರೆ ನೀರು ಬೆರೆಸಿಯೇ ಮತ್ತೆ ಕಾಯಿಸಬೇಕು.

ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಪಾತ್ರೆಯ ಕನಿಷ್ಠ ಅಳತೆ. ಒಳಗೇ ಮುಳುಗುವ ಹೀಟರ್ ಇದ್ದರೆ ಓಟದ ಕೊನೆಯಲ್ಲೂ ಅದರ ಮೇಲೆ ಕನಿಷ್ಠ 5 ಸೆಂ.ಮೀ. ದ್ರವ ಉಳಿಯಬೇಕು. ಅಗಲ ತಳದ ಪಾತ್ರೆಯಲ್ಲಿ ಇದಕ್ಕೇ 10 ಲೀಟರ್‌ ಬೇಕಾಗಬಹುದು. ಜಿನ್ ಮಾಡಲೆಂದು 12 ಲೀಟರಷ್ಟೇ ತುಂಬಿ ಹೊರಟರೆ ಹೀಟರ್ ಬರಿದಾಗಿ ಸುಡುತ್ತದೆ, ಸುತ್ತ ಇರುವುದು ಬರೀ ಆಲ್ಕೋಹಾಲ್ ಆವಿ. ಈ ಕಾರಣಕ್ಕೆ ಟಿ500ನ್ನು ಮಾರದೆ ಜಿನ್‌ಗೆ ಇಟ್ಟುಕೊಳ್ಳುವುದು ಜಾಣತನ. ಧಾನ್ಯದ ವಾಶ್ ಆದರೆ ತೆರೆದ ಹೀಟರಿಗೆ ಗಸಿ ಅಂಟಿ ಸೀದು, ಆ ವಾಸನೆ ಬಾಟಲಿಯವರೆಗೂ ಬರುತ್ತದೆ. ಚೆನ್ನಾಗಿ ಸೋಸಬೇಕು, ಇಲ್ಲವೇ ಬಿಸಿ ಒಂದೇ ಕಡೆ ಸೇರದ, ಉದ್ದನೆಯ ಕಡಿಮೆ ವ್ಯಾಟ್-ಸಾಂದ್ರತೆಯ ಹೀಟರ್ ಆರಿಸಬೇಕು.

ತಣ್ಣೀರಿನ ಲೆಕ್ಕವೂ ಅಷ್ಟೇ ಮುಖ್ಯ. ಹೀಟರ್ ಹಾಕುವ ಬಿಸಿಯ ಹೆಚ್ಚಿನ ಪಾಲನ್ನು ಕಂಡೆನ್ಸರ್, ಅಂದರೆ ಆವಿಯನ್ನು ತಣಿಸಿ ದ್ರವವಾಗಿಸುವ ಭಾಗ, ಹೊರಹಾಕಬೇಕು. 15 ಡಿಗ್ರಿಯಲ್ಲಿ ಒಳಹೋದ ನೀರು 55 ಡಿಗ್ರಿಯಲ್ಲಿ ಹೊರಬಂದರೆ, 2000 ವ್ಯಾಟಿಗೆ ಗಂಟೆಗೆ 43 ಲೀಟರ್ ಹರಿಯಬೇಕು, 3500ಕ್ಕೆ 75 ಲೀಟರ್. ಮಳೆನೀರಿನ ಟ್ಯಾಂಕಿನಲ್ಲಿ ಬದುಕುವ ಹಳ್ಳಿಮನೆಗಳಲ್ಲಿ ಇದು ದುಬಾರಿ. ಪಂಪಿಟ್ಟು 200 ಲೀಟರ್ ಡ್ರಮ್ಮಿನ ನೀರನ್ನೇ ಸುತ್ತಿಸುವವರಿದ್ದಾರೆ. 2000 ವ್ಯಾಟಿನಲ್ಲಿ ಆ ಡ್ರಮ್ಮು ಗಂಟೆಗೆ 8ರಿಂದ 9 ಡಿಗ್ರಿ ಏರುತ್ತದೆ, ಮೂರು ಗಂಟೆಗೆ ಸಾಕು. ಟಿ500ರ ತಲೆಯನ್ನೇ ಅಡಾಪ್ಟರ್ ಹಾಕಿ ದೊಡ್ಡ ಬಾಯ್ಲರಿಗೆ ಕೂರಿಸಬಹುದು, ಆದರೆ 3500 ವ್ಯಾಟಿಗೆ ಅಲ್ಲ: ಅದರ ಕಂಡೆನ್ಸರ್ ಇರುವುದು ಚಿಕ್ಕ ಬಾಯ್ಲರಿನ ಬಿಸಿಗೆ. ನಳಿಕೆಯಿಂದ ಹನಿಯ ಜೊತೆ ಆವಿ ಬಂದರೆ ತಕ್ಷಣ ವಿದ್ಯುತ್ತು ಆರಿಸಿ, ಬಾಗಿಲು ತೆರೆಯಿರಿ. ಆ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡಿ ಫ್ರಿಜ್ಜಿನ ಕಿಡಿಗೂ ಹೊತ್ತಿಕೊಳ್ಳಬಲ್ಲದು.

ಪಾತ್ರೆ ಬದಲಾದಾಗ ಹಳೆಯ ಅಳತೆಗಳನ್ನು ಬದಲಾಯಿಸದೆ ಕೆಡಿಸಿಕೊಳ್ಳುವವರು ಬಹಳ. 21 ಲೀಟರಿಗೆ ಮೊದಲ 50 ಮಿ.ಲೀ. ಚೆಲ್ಲುತ್ತಿದ್ದವರು 42ಕ್ಕೆ 100 ಮಿ.ಲೀ. ಚೆಲ್ಲಬೇಕು, 200 ಮಿ.ಲೀ. ಚೆಲ್ಲಿದರೂ ನಷ್ಟವಿಲ್ಲ. ಅದರಲ್ಲಿರುವುದು ಮುಖ್ಯವಾಗಿ ಅಸಿಟೋನ್, ಈಥೈಲ್ ಅಸಿಟೇಟ್, ಅಸಿಟಾಲ್ಡಿಹೈಡ್: ನೈಲ್‌ಪಾಲಿಶ್ ತೆಗೆಯುವ ದ್ರವದ ವಾಸನೆ. ಸಕ್ಕರೆ ವಾಶ್‌ನಲ್ಲಿ ಮೆಥನಾಲ್ ಇಲ್ಲವೆಂಬಷ್ಟು ಕಡಿಮೆ. ಹಣ್ಣಿನ ಪೆಕ್ಟಿನ್‌ನಿಂದ ಅದು ಹುಟ್ಟುತ್ತದೆ, ಮತ್ತು ಮೊದಲ ಹನಿ ಚೆಲ್ಲಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಣ್ಣಿನ ವಾಶ್‌ಗೆ ತಿರುಳು, ಸಿಪ್ಪೆ ಆದಷ್ಟು ಸೋಸಿ ಹಾಕಬೇಕು. ಹೆಡ್ಸ್ (ಮೊದಲು ಇಳಿಯುವುದು), ಹಾರ್ಟ್ಸ್ (ನಡುವಿನ ಒಳ್ಳೆಯ ಭಾಗ), ಟೇಲ್ಸ್ (ಕೊನೆಯದು) ಬೇರ್ಪಡಿಸುವ ಜಾರ್‌ಗಳನ್ನು ದೊಡ್ಡದು ಮಾಡಬೇಡಿ. ಗಡಿಯ ಎರಡೂ ಕಡೆ 250 ಮಿ.ಲೀ. ಜಾರ್‌ಗಳೇ ಇರಲಿ, ನಡುವಿನ ಹಾರ್ಟ್ಸ್‌ಗೆ ಮಾತ್ರ 1 ಲೀಟರಿನವು. ಒಂದು ರಾತ್ರಿ ಬಟ್ಟೆ ಮುಚ್ಚಿಟ್ಟು, ಸ್ವಲ್ಪ ನೀರು ಬೆರೆಸಿ ಮೂಸಿ ನೋಡಿದಾಗ ಕೂಡಿಸಬೇಕಾದದ್ದು ಯಾವುದು ಎಂದು ಸ್ಪಷ್ಟವಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸಬೇಕಾದದ್ದು ಸರಳ. 304 ದರ್ಜೆಯ ಸ್ಟೀಲ್, ಒಳಗೆ ನಯವಾದ ವೆಲ್ಡಿಂಗ್, ತಳದಲ್ಲಿ ಮುಕ್ಕಾಲು ಇಂಚಿನ ಬಾಲ್ ವಾಲ್ವ್. ವಾಲ್ವ್ ಇಲ್ಲದ್ದನ್ನು ಕೊಳ್ಳಲೇಬೇಡಿ: ಓಟ ಮುಗಿದಾಗ 30 ಲೀಟರ್ ಕುದಿನೀರು ಒಳಗಿರುತ್ತದೆ, ಅದನ್ನು ಎತ್ತಿ ಬಗ್ಗಿಸುವುದು ಅಪಾಯ. ಹಳೆಯ 50 ಲೀಟರ್ ಬಿಯರ್ ಕೆಗ್ (ಸ್ಟೀಲ್ ಪೀಪಾಯಿ) ಅಗ್ಗ, ಗಟ್ಟಿ, ಕುತ್ತಿಗೆಗೆ 2 ಇಂಚಿನ ಟ್ರೈ-ಕ್ಲ್ಯಾಂಪ್ ಕೂರುತ್ತದೆ. ಆದರೆ ಕಿರಿದಾದ ಆ ಬಾಯಲ್ಲಿ ಕೈ ಹಾಕಿ ತೊಳೆಯಲಾಗದು, ಒಳಗಿನ ಒತ್ತಡ ಬಿಡದೆ ಕೆಗ್ಗಿನ ಬಿಯರ್ ಕೊಳವೆ ಬಿಚ್ಚಿದರೆ ಅದು ಮುಖಕ್ಕೆ ಚಿಮ್ಮುತ್ತದೆ. ಕ್ಲ್ಯಾಂಪಿನ ಗ್ಯಾಸ್ಕೆಟ್ ಟೆಫ್ಲಾನ್ ಎನ್ನುವ ಪಿಟಿಎಫ್‌ಇ ಇರಲಿ. ಆವಿ, ಹನಿ ಹಾಯುವ ದಾರಿಯಲ್ಲಿ ಪ್ಲಾಸ್ಟಿಕ್ ಟ್ಯೂಬು, ಸೀಸದ ಬೆಸುಗೆ ಎಲ್ಲೂ ಬೇಡ.

ಹೊಸತನ್ನು ಮೊದಲು ಸಮಭಾಗ ವಿನೆಗರ್ ಮತ್ತು ನೀರು ಹಾಕಿ ಓಡಿಸಿ, ಆಮೇಲೆ ಅಗ್ಗದ ಸಕ್ಕರೆ ವಾಶ್ ಹಾಕಿ ಓಡಿಸಿ, ಇಳಿದದ್ದನ್ನೆಲ್ಲ ಕಿಟಕಿ ಒರೆಸಲು ಇಟ್ಟುಕೊಳ್ಳಿ. ಮೊದಲ ವಿನೆಗರ್-ನೀರಿನ ಓಟದಲ್ಲೇ ಪ್ರತಿ ಕೀಲನ್ನೂ ನೋಡಿ, ಹಬೆ ಸೋರುವ ಕಡೆ ಬಿಗಿಮಾಡಿ. ನಳಿಕೆಯ ತುದಿ ಸಂಗ್ರಹದ ದ್ರವದಲ್ಲಿ ಮುಳುಗದಿರಲಿ. ಬಾಯ್ಲರ್ ತಣಿಯುವಾಗ ಅದನ್ನೆಲ್ಲ ಒಳಕ್ಕೆ ಹೀರಿಕೊಳ್ಳುತ್ತದೆ. ತಾಮ್ರ ಕಪ್ಪಾದಾಗ ಲೀಟರ್ ಬಿಸಿನೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ನೆನೆಸಿ ತೊಳೆದರೆ ಹೊಳಪು ಮರಳುತ್ತದೆ, ಗಂಧಕದ ವಾಸನೆ ಹೀರುವ ಗುಣವೂ.