ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ನುಂಗಿ ಹಾಕಿದ ಕಥೆ

ನಿದ್ರಾ ಕ್ಲಿನಿಕ್‌ಗಳ ಚಾರ್ಟ್ ಕೋಡ್ ಮಾಡುವವರು, ಅದರಲ್ಲೂ ಈಚೆಗಷ್ಟೇ ಈ ಕೆಲಸಕ್ಕೆ ಸೇರಿದವರು, ಇದನ್ನು ಓದಿ. ತಪ್ಪು ಮಾಡಿದವನು ನಾನು. ಅನುಭವಿಸಿದವರು ಬೇರೆಯವರು.

ನಾನು ಅಮೆರಿಕದ ಹೊರರೋಗಿ ಚಾರ್ಟ್‌ಗಳನ್ನು ರಾತ್ರಿ ಪಾಳಿಯಲ್ಲಿ ಕೋಡ್ ಮಾಡುತ್ತೇನೆ, ಅಂದರೆ ಡಾಕ್ಟರ್ ಬರೆದ ಕಾಯಿಲೆಗೆ ವಿಮೆಯ ಬಿಲ್ಲಿಗಾಗಿ ಕೋಡ್ ಹಾಕುತ್ತೇನೆ. ಆವತ್ತು ಬಂದದ್ದು ಒಬ್ಬ ನರ್ಸ್ ಚಾರ್ಟು. ವಾರಕ್ಕೆ ಮೂರು ನಾಲ್ಕು ರಾತ್ರಿ ಡ್ಯೂಟಿ, ಹಗಲು ಮಲಗಿದರೆ ಎರಡೇ ಗಂಟೆಯಲ್ಲಿ ಎಚ್ಚರ, ಡ್ಯೂಟಿಯಲ್ಲಿ ತೂಕಡಿಕೆ. ಕೊನೆಗೆ ಡಾಕ್ಟರ್ ಬರೆದದ್ದು ಇಷ್ಟೇ: ನಿದ್ರಾಹೀನತೆ, ಶಿಫ್ಟ್ ವರ್ಕ್ ಡಿಸಾರ್ಡರ್ ಇರಬಹುದೇ? ಸ್ಲೀಪ್ ಡೈರಿ ತರಲು ಹೇಳಿದೆ.

ಓದುತ್ತಾ ಹೋದಂತೆ ನನ್ನದೇ ದಿನಚರಿಯನ್ನು ಯಾರೋ ಬರೆದಿಟ್ಟ ಹಾಗಿತ್ತು. ಬೆಳಗ್ಗೆ ಮನೆಗೆ ಹೋಗಿ ಕಿಟಕಿಗೆ ಕಂಬಳಿ ಕಟ್ಟಿ ಮಲಗುವವನು ನಾನು. ಇದಕ್ಕಿಂತ ಸ್ಪಷ್ಟವಾದ ಕೇಸ್ ಇನ್ನೇನು ಬೇಕು ಅಂದುಕೊಂಡು ಜಿ47.26, ಅಂದರೆ ಪಾಳಿ ಕೆಲಸದಿಂದ ದೇಹದ ಗಡಿಯಾರ ತಪ್ಪುವ ಶಿಫ್ಟ್ ವರ್ಕ್ ಡಿಸಾರ್ಡರ್‌ನ ಕೋಡ್, ಹಾಕಿ ಮುಂದಿನ ಚಾರ್ಟಿಗೆ ಹೋದೆ. ಆ ಪ್ರಶ್ನಾರ್ಥಕ ಚಿಹ್ನೆ ಕಣ್ಣಿಗೆ ಬಿದ್ದಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅಮೆರಿಕದ ಕಾಯಿಲೆ ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂ ನಿಯಮ ಈ ವಿಷಯದಲ್ಲಿ ಎರಡು ಮಾತಿಗೆ ಜಾಗವನ್ನೇ ಇಟ್ಟಿಲ್ಲ. ಹೊರರೋಗಿಯ ವಿಷಯದಲ್ಲಿ 'ಇರಬಹುದು', 'ಶಂಕೆ', 'ಇಲ್ಲವೆಂದು ಖಚಿತಪಡಿಸಬೇಕು' ಎಂದು ಬರೆದ ಕಾಯಿಲೆಯನ್ನು ಕೋಡ್ ಮಾಡುವಂತಿಲ್ಲ. ಆ ದಿನ ಖಚಿತವಾಗಿ ಗೊತ್ತಿದ್ದ ಲಕ್ಷಣವನ್ನೇ ಕೋಡ್ ಮಾಡಬೇಕು. ಒಳರೋಗಿಯಾಗಿ ದಾಖಲಾಗಿ ಬಿಡುಗಡೆಯಾದವರಿಗೆ ಬೇರೆ ನಿಯಮ ಇದೆ, ಅಲ್ಲಿ ಶಂಕಿತ ಕಾಯಿಲೆಗೂ ಕೋಡ್ ಹಾಕಬಹುದು. ಇವೆರಡನ್ನು ಕಲಸಿಕೊಳ್ಳುವವರು ಬಹಳ ಜನ. ಹಾಗಾಗಿ ಇಲ್ಲಿ ಹಾಕಬೇಕಿದ್ದದ್ದು ಜಿ47.00, ಅಂದರೆ ಬರೀ ನಿದ್ರಾಹೀನತೆ, ಬಗೆ ಹೇಳದ 'ಅನಿರ್ದಿಷ್ಟ' ಕೋಡ್. ಆದರೆ 'ಅನಿರ್ದಿಷ್ಟ' ಕೋಡ್‌ಗಳನ್ನು ಕಡಿಮೆ ಮಾಡಿ ಎಂದು ನಮ್ಮ ಟೀಮಿನಲ್ಲಿ ಆಗಾಗ ಹೇಳುತ್ತಿದ್ದರು. ಜಿ47.00 ಹಾಕಿದರೆ ಸೋಮಾರಿ ಅನ್ನಿಸಿಕೊಳ್ಳುತ್ತೇನೆ ಎಂಬ ಭಯವೂ ನನಗಿತ್ತು.

ಮುಂದಿನ ಭೇಟಿಯಲ್ಲಿ ಆಕೆಯನ್ನು ನೋಡಿದ್ದು ಬೇರೆ ಡಾಕ್ಟರ್. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಎದ್ದಾಗ ತಲೆನೋವು, ಎಲ್ಲವನ್ನೂ ವಿಚಾರಿಸಿ ರಾತ್ರಿಯಿಡೀ ನಡೆಯುವ ಸ್ಲೀಪ್ ಸ್ಟಡಿಗೆ ಬರೆದುಕೊಟ್ಟರು. ಅಲ್ಲಿಯ ಸಾಫ್ಟ್‌ವೇರ್ ಹಿಂದಿನ ಭೇಟಿಯ ಕೋಡನ್ನು ತಾನಾಗಿ ಎಳೆದು ತರುತ್ತಿತ್ತು. ಪರೀಕ್ಷೆಗೆ ವಿಮೆಯವರ ಪೂರ್ವಾನುಮತಿ ಕೇಳುವ ಅರ್ಜಿ ನಾನು ಹಾಕಿದ ಜಿ47.26 ಹೊತ್ತುಕೊಂಡೇ ಹೋಯಿತು. ದೇಹದ ಗಡಿಯಾರದ ತೊಂದರೆ ಪತ್ತೆಗೆ ಮಾಮೂಲಾಗಿ ಬೇಕಾಗುವುದು ಡೈರಿ ಮತ್ತು ಮಣಿಕಟ್ಟಿಗೆ ಕಟ್ಟಿ ಚಲನೆಯನ್ನು ದಾಖಲಿಸುವ ಆಕ್ಟಿಗ್ರಫಿ, ಸ್ಲೀಪ್ ಸ್ಟಡಿಯಲ್ಲ. ವಿಮೆಯವರು ಅದನ್ನೇ ಹೇಳಿ ಅನುಮತಿ ನಿರಾಕರಿಸಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೇಲ್ಮನವಿ, ಮತ್ತೆ ದಾಖಲೆ, ಮತ್ತೆ ಫೋನು ಅಂತ ಪರೀಕ್ಷೆ ಎರಡು ತಿಂಗಳು ಮುಂದೆ ಹೋಯಿತು. ಅಷ್ಟೂ ದಿನ ಆಕೆ ರಾತ್ರಿ ಡ್ಯೂಟಿ ಮುಗಿಸಿ ತೂಕಡಿಸುತ್ತಲೇ ಕಾರು ಓಡಿಸಿಕೊಂಡು ಮನೆಗೆ ಹೋಗುತ್ತಿದ್ದರು. ಕೊನೆಗೆ ಬಂದ ಉತ್ತರ ಜಿ47.33: ಶ್ವಾಸನಾಳ ಮುಚ್ಚಿಕೊಂಡು ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ.

ನಿರಾಕರಣೆಯ ಫೈಲು ನಮ್ಮ ಟೀಮಿಗೆ ವಾಪಸ್ಸು ಬಂತು. ಆಡಿಟ್‌ನವರು ನನ್ನ ಹಳೆಯ ಚಾರ್ಟುಗಳನ್ನೆಲ್ಲ ಕೆದಕಿದರು. ಆಗ ಸಿಕ್ಕಿದ್ದು ಇನ್ನೂ ನಾಚಿಕೆಗೇಡಿನದು, ಡಾಕ್ಟರ್‌ಗಳಿಗೆ ನಾನು ಕಳಿಸಿದ ಕ್ವೆರಿಗಳು, ಅಂದರೆ ಚಾರ್ಟಿನಲ್ಲಿ ಸ್ಪಷ್ಟವಿಲ್ಲದ್ದನ್ನು ಬರೆದು ಕೇಳುವ ಪ್ರಶ್ನೆಗಳು. ಒಂದರಲ್ಲಿ 'ರೋಗಿಗೆ ತಡನಿದ್ರೆಯ ಮಾದರಿಯ ಡಿಸಾರ್ಡರ್ ಇದೆ ಎಂದು ದೃಢಪಡಿಸುವಿರಾ?' ಎಂದು ಕೇಳಿದ್ದೆ. ಡಾಕ್ಟರ್ 'ಹೌದು' ಅಂದಿದ್ದರು, ನಾನು ದೇಹದ ಗಡಿಯಾರವೇ ತಡವಾಗಿ ಓಡುವ ಆ ಕಾಯಿಲೆಯ ಕೋಡ್ ಜಿ47.21 ಹಾಕಿದ್ದೆ. ರೋಗಿಯಾದ ಹುಡುಗ ರಾತ್ರಿ ಎರಡಕ್ಕೆ ಮಲಗುತ್ತಾನೆ ಎಂಬ ಒಂದು ಸಾಲು ಬಿಟ್ಟರೆ ಚಾರ್ಟಿನಲ್ಲಿ ಬೇರೇನೂ ಇರಲಿಲ್ಲ. ಮೊಬೈಲು ನೋಡುತ್ತಾ ಎರಡು ಗಂಟೆ ಮಾಡುವುದು ಬೇರೆ, ಹತ್ತಕ್ಕೆ ಮಲಗಿದರೂ ಎರಡರವರೆಗೆ ನಿದ್ದೆ ಬಾರದಿರುವುದು ಬೇರೆ. ರಜೆಯಲ್ಲಿ ತನ್ನಿಷ್ಟದ ಹೊತ್ತಿಗೆ ಮಲಗಿದರೆ ಸರಿಯಾಗಿ ನಿದ್ದೆ ಆಗುತ್ತದೆಯೇ, ಮೂರು ತಿಂಗಳಾದರೂ ಹೀಗೇ ಇದೆಯೇ, ಕನಿಷ್ಠ ಏಳು ದಿನದ ಡೈರಿ ಇದೆಯೇ, ಆಗುವುದಾದರೆ ಹದಿನಾಲ್ಕು ದಿನದ್ದು? ಇದ್ಯಾವುದಕ್ಕೂ ಅಲ್ಲಿ ಉತ್ತರ ಇರಲಿಲ್ಲ. ಉತ್ತರವನ್ನು ಬಾಯಿಗೆ ತುರುಕುವ ಕ್ವೆರಿ ಕ್ವೆರಿಯೇ ಅಲ್ಲ. ಚಾರ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದು, ಎರಡು ಮೂರು ಸಾಧ್ಯತೆಗಳ ಜೊತೆ 'ಬೇರೆ', 'ಹೇಳಲಾಗದು' ಎಂಬ ಆಯ್ಕೆಗಳನ್ನೂ ಕೊಟ್ಟು ಬಿಡಬೇಕು. ಉತ್ತರ ತಡವಾಗುತ್ತದೆ, ನಿಮ್ಮ ದಿನದ ಚಾರ್ಟ್ ಎಣಿಕೆ ಇಳಿಯುತ್ತದೆ. ಇಳಿಯಲಿ.

ಇದೇ ಗುಂಪಿನಲ್ಲಿ ಇನ್ನೆರಡು ಗುಂಡಿಗಳಿವೆ, ನಾನು ಬೀಳಲಿಲ್ಲ, ಪಕ್ಕದ ಸೀಟಿನವರು ಬಿದ್ದರು. ಜಿ47.27 ಬೇರೊಂದು ಕಾಯಿಲೆಯಿಂದ ಬಂದ ನಿದ್ದೆಯ ಲಯದೋಷಕ್ಕೆ ಇರುವ ಕೋಡ್, ಮೂಲ ಕಾಯಿಲೆಯ ಕೋಡ್ ಮೊದಲು ಬರದಿದ್ದರೆ ಕ್ಲೇಮ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಕ್ಟಿಗ್ರಫಿ ಪರೀಕ್ಷೆಯ ಬಿಲ್ಲಿಗೆ ಹಾಕುವ ಕೋಡ್ ಸಿಪಿಟಿ 95803ಕ್ಕೆ ಕನಿಷ್ಠ 72 ಗಂಟೆಯ ದಾಖಲೆ ಬೇಕು. ಎರಡು ದಿನ ಕಟ್ಟಿಕೊಂಡು ಬಿಚ್ಚಿಟ್ಟವರ ವರದಿಗೂ ಅದನ್ನೇ ಹಾಕಿ ಕಳಿಸಿದ್ದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೂರು ತಿಂಗಳು ನನ್ನ ಪ್ರತಿ ಚಾರ್ಟನ್ನೂ ಇನ್ನೊಬ್ಬರು ನೋಡಿದ ಮೇಲೇ ಹೊರಗೆ ಬಿಟ್ಟರು. ಆ ನರ್ಸ್ ಭೇಟಿಯ ಕೋಡನ್ನು ತಿದ್ದಿ ಕಳಿಸಿದ್ದೂ ನಾನೇ.

ನನ್ನ ನಿದ್ದೆಯ ವಿಚಾರಕ್ಕೆ ಬಂದರೆ, ಕಳೆದ ತಿಂಗಳು ಡಾಕ್ಟರ್ ಹತ್ತಿರ ಹೋಗಿದ್ದೆ. ಎರಡು ವಾರದ ಡೈರಿ ಬರೆದು ತನ್ನಿ ಅಂದಿದ್ದಾರೆ. ಅವರು ಕೊಟ್ಟ ಚೀಟಿಯಲ್ಲೂ ಕಾಯಿಲೆಯ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.